‘ದ ಸೀಕ್ರೆಟ್’ ನಿಧಿ ಪುಸ್ತಕ: ಹಲವು ವರ್ಷ ಬಳಸಿದ ಮೇಲೆ, ಆ ಪದ್ಯಗಳನ್ನು ಬರೆದವರು ಯಾರು ಎಂಬ ಬಗ್ಗೆ

ಐದಕ್ಕೆ ನಾಲ್ಕು ಸ್ಟಾರ್ ಕೊಟ್ಟಿದ್ದೇನೆ. ಒಂದು ಕಡಿಮೆ ಮಾಡಿದ್ದು ಮರುಮುದ್ರಣದ ಚಿತ್ರಗಳನ್ನು ನೋಡಿ. ಅದನ್ನು ಕೊನೆಗೆ ಹೇಳುತ್ತೇನೆ. ಮೊದಲು ಕೊಳ್ಳುವವರಿಗೆ ಒಂದು ಮಾತು. ಈ ಹೆಸರು ಹಾಕಿ ಹುಡುಕಿದರೆ, ಮನಸ್ಸಿನಲ್ಲಿ ಅಂದುಕೊಂಡದ್ದೆಲ್ಲ ನಡೆಯುತ್ತದೆ ಎನ್ನುವ ಆ ಜನಪ್ರಿಯ ಪುಸ್ತಕವೇ ಮೊದಲು ಬರುತ್ತದೆ. ಅದಲ್ಲ ಇದು. ಇದು 1982ರಲ್ಲಿ ಅಮೆರಿಕದಲ್ಲಿ ಬಂದ ನಿಧಿ ಹುಡುಕಾಟದ ಪುಸ್ತಕ. ಬೈರನ್ ಪ್ರೈಸ್ ಎಂಬ ಹೆಸರು ಇದೆಯಾ ಅಂತ ನೋಡಿಕೊಂಡು ದುಡ್ಡು ಕೊಡಿ.

ಗೊತ್ತಿಲ್ಲದವರಿಗೆ ಆಟ ಹೀಗಿದೆ. ಪುಸ್ತಕದಲ್ಲಿ 12 ವರ್ಣಚಿತ್ರಗಳಿವೆ, 12 ಪದ್ಯಗಳಿವೆ. ಯಾವ ಚಿತ್ರಕ್ಕೆ ಯಾವ ಪದ್ಯ ಅಂತ ಹೇಳಿಲ್ಲ, ನಾವೇ ಜೋಡಿಸಬೇಕು. ಚಿತ್ರ ಊರನ್ನು ತೋರಿಸುತ್ತದೆ, ಪದ್ಯ ಜಾಗಕ್ಕೆ ಕರೆದುಕೊಂಡು ಹೋಗುತ್ತದೆ. ಪ್ರೈಸ್ ಅವರೇ ಊರೂರು ಸುತ್ತಿ 12 ಕಡೆ ಒಂದೊಂದು ಪಿಂಗಾಣಿ ಪೆಟ್ಟಿಗೆ ಹೂತು ಬಂದರು. ಹುಡುಕುವವರು ಅದನ್ನು ಕಾಸ್ಕ್ ಅನ್ನುತ್ತಾರೆ. ಅದರೊಳಗೆ ಒಂದು ಬೀಗದ ಕೈ. ಅದನ್ನು ತಂದು ಕೊಟ್ಟವರಿಗೆ ಒಂದು ರತ್ನ. ಇದುವರೆಗೆ ಸಿಕ್ಕಿದ್ದು ಮೂರೇ: 1983ರಲ್ಲಿ ಷಿಕಾಗೋ, 2004ರಲ್ಲಿ ಕ್ಲೀವ್‌ಲ್ಯಾಂಡ್, 2019ರಲ್ಲಿ ಬಾಸ್ಟನ್. 2005ರಲ್ಲಿ ಪ್ರೈಸ್ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಉಳಿದ ಒಂಬತ್ತರ ಗುಟ್ಟು ಅವರ ಜೊತೆಗೇ ಹೋಯಿತು.

ಇಷ್ಟು ವರ್ಷ ಈ ಪುಸ್ತಕ ನನ್ನ ಮೇಜಿನ ಮೇಲೆ ಉಳಿದಿರುವುದಕ್ಕೆ ರತ್ನದ ಆಸೆ ಕಾರಣ ಅಲ್ಲ. ನನ್ನನ್ನು ಹಿಡಿದು ಕೂರಿಸಿದ್ದು ಬೇರೆ ಪ್ರಶ್ನೆ. ಈ 12 ಪದ್ಯಗಳನ್ನು ನಿಜವಾಗಿ ಬರೆದವರು ಯಾರು?

ಸುಮ್ನೆ ಕಾಲ ಕಳೆಯುವ ಪ್ರಶ್ನೆ ಅಂದುಕೊಳ್ಳಬೇಡಿ. ಹುಡುಕುವವರಿಗೆ ಇದೇ ಬುಡ. ಗುಂಡಿ ತೋಡಿದವರೇ ಪದ್ಯ ಬರೆದಿದ್ದರೆ, ‘ಐದು ಹೆಜ್ಜೆ’ ಅಂದರೆ ಐದೇ ಹೆಜ್ಜೆ. ಅವರು ಕೊಟ್ಟ ಟಿಪ್ಪಣಿ ಇಟ್ಟುಕೊಂಡು ಇನ್ನೊಬ್ಬರು ನ್ಯೂಯಾರ್ಕಿನಲ್ಲಿ ಕೂತು ಹೊಸೆದಿದ್ದರೆ, ಪ್ರಾಸಕ್ಕೆ ಸಿಕ್ಕ ಪದ ಯಾವುದು, ನಿಜವಾದ ಸುಳಿವು ಯಾವುದು ಅಂತ ಬೇರ್ಪಡಿಸಲೇಬೇಕು.

ಅನುಮಾನಕ್ಕೆ ಕಾರಣ ಪುಸ್ತಕದಲ್ಲೇ ಇದೆ. ಇದು ಒಬ್ಬರ ಪುಸ್ತಕ ಅಲ್ಲ. ಕಲ್ಪನೆ ಪ್ರೈಸ್ ಅವರದು. ವರ್ಣಚಿತ್ರಗಳು ಜಾನ್ ಜೂಡ್ ಪಲೆನ್‌ಕಾರ್ ಅವರದು. ಮುಂದೆ ‘ಎರಗಾನ್’ ಕಾದಂಬರಿಯ ನೀಲಿ ಡ್ರ್ಯಾಗನ್ ಮುಖಪುಟ ಮಾಡಿದವರು ಇವರೇ; ಆಗಿನ್ನೂ ಇಪ್ಪತ್ತೈದರ ಆಸುಪಾಸಿನ ಹುಡುಗ. ರೇಖಾಚಿತ್ರಗಳು, ಶಿಲ್ಪಗಳು, ಅವುಗಳ ಫೋಟೋಗಳು ಮತ್ತೆ ಬೇರೆ ಬೇರೆಯವರದು. ಇನ್ನು ಪಠ್ಯ ಎಂದು ಹೆಸರು ಇರುವುದು ಶಾನ್ ಕೆಲ್ಲಿ ಮತ್ತು ಟೆಡ್ ಮ್ಯಾನ್ ಅವರದು. ಇಬ್ಬರೂ ‘ನ್ಯಾಷನಲ್ ಲ್ಯಾಂಪೂನ್’ ಎಂಬ ಹಾಸ್ಯ ಪತ್ರಿಕೆಯವರು.

ಪ್ರೈಸ್ ಅವರ ಕಸುಬೇ ಅಂಥದ್ದು. ಅವರು ಪುಸ್ತಕ ಕಟ್ಟಿಸುವವರು. ಐಡಿಯಾ ತಮ್ಮದು, ಬರೆಯುವವರನ್ನೂ ಚಿತ್ರ ಮಾಡುವವರನ್ನೂ ಸೇರಿಸಿ, ತಯಾರಾದ ಪುಸ್ತಕವನ್ನು ದೊಡ್ಡ ಪ್ರಕಾಶಕರಿಗೆ ಕೊಡುವುದು. ಕನ್ನಡದವರಾದ ನಮಗೆ ಈ ಗೊಂದಲ ಹೊಸದೇನಲ್ಲ. ‘ಕವಿರಾಜಮಾರ್ಗ’ ನೃಪತುಂಗನದೋ ಶ್ರೀವಿಜಯನದೋ ಎಂಬ ಚರ್ಚೆ ಎಷ್ಟು ಕಾಲ ನಡೆಯಿತು! ‘ನೃಪತುಂಗದೇವಾನುಮತ’ ಎಂಬ ಒಂದು ಮಾತಿನ ಸುತ್ತ ಎಷ್ಟು ವಾದ! ಕೊನೆಗೆ ಹೆಚ್ಚಿನ ವಿದ್ವಾಂಸರು ಅನುಮತಿ ರಾಜನದು, ಕೃತಿ ಶ್ರೀವಿಜಯನದು ಅನ್ನುವ ಕಡೆಗೆ ಬಂದರು. ಆ ಚರ್ಚೆ ಓದಿಕೊಂಡವರು ಇಲ್ಲಿಯೂ ಹಾಗೇ ಇರಬೇಕು, ಪ್ರೈಸ್ ಹೆಸರಿಗೆ ಮಾತ್ರ, ಬರೆದವರು ಕೆಲ್ಲಿ ಅಂದುಬಿಡಬಹುದು.

ನಾನು ಹಾಗೆ ಅನ್ನುವುದಿಲ್ಲ. ಪದ್ಯಗಳನ್ನು ಬರೆದದ್ದು ಪ್ರೈಸ್ ಅವರೇ ಅಂತ ನನ್ನ ಗಟ್ಟಿ ನಂಬಿಕೆ. ಯಾಕೆ ಅಂತ ಹೇಳುತ್ತೇನೆ.

ಪುಸ್ತಕದ ಗದ್ಯ ಭಾಗ ಓದಿ ನೋಡಿ. ಹಳೆಯ ಲೋಕದ ಯಕ್ಷಿಣಿಯರು ಹಡಗು ಹತ್ತಿ ಹೊಸ ಲೋಕಕ್ಕೆ ವಲಸೆ ಬಂದ ಕಥೆ, ಆಮೇಲೆ ಇವತ್ತಿನ ಊರುಗಳಲ್ಲಿ ಅವರು ಯಾವ ಯಾವ ವೇಷದಲ್ಲಿದ್ದಾರೆ ಎಂಬ ಪಟ್ಟಿ. ಶ್ಲೇಷೆಯ ಮೇಲೆ ಶ್ಲೇಷೆ. ಮಾತಿನಲ್ಲಿ ಆಟ ಆಡುವುದನ್ನೇ ಬದುಕು ಮಾಡಿಕೊಂಡವರ ಕೈ ಅದು, ಒಂದೇ ಪುಟ ಓದಿದರೂ ತಿಳಿಯುತ್ತದೆ. ಕೆಲ್ಲಿ 1973ರ ‘ಲೆಮ್ಮಿಂಗ್ಸ್’ ಎಂಬ ರಂಗಪ್ರದರ್ಶನಕ್ಕೆ ಅಣಕು ಹಾಡುಗಳನ್ನು ಬರೆದವರು. ಪ್ರಾಸ ಅವರಿಗೆ ನೀರು ಕುಡಿದ ಹಾಗೆ.

ಈಗ ಕ್ಲೀವ್‌ಲ್ಯಾಂಡ್ ಪದ್ಯ ತೆಗೆಯಿರಿ. ಇದು ಬಿಡಿಸಿ ಆಗಿರುವ ಪದ್ಯ, ಹಾಗಾಗಿ ನೆಚ್ಚಬಹುದು. ಅದರಲ್ಲಿ ಸಾಕ್ರಟೀಸ್, ಪಿಂಡಾರ್, ಅಪೆಲ್ಲಿಸ್ ಎಂಬ ಮೂರು ಹೆಸರುಗಳಿವೆ. ಅಲ್ಲಿನ ಗ್ರೀಕ್ ಸಾಂಸ್ಕೃತಿಕ ಉದ್ಯಾನದ ಗೋಡೆಯ ಮೇಲೆ ಆ ಹೆಸರುಗಳನ್ನು ಕೆತ್ತಿದ್ದಾರೆ. ಬಲದಿಂದ ಎಡಕ್ಕೆ ಹತ್ತನೆಯ ಕಲ್ಲು, ಮೇಲಿನಿಂದ ಒಂಬತ್ತನೆಯ ಸಾಲು, ಏಳು ಮೆಟ್ಟಿಲು. ಲೆಕ್ಕವೇ ಲೆಕ್ಕ. ನಡುವೆ ಪ್ರಾಸ ಬರುವುದು ಎರಡೇ ಕಡೆ. ‘ಟಾಪ್’ ಅನ್ನುವುದಕ್ಕೆ ‘ಹಾಪ್’. ಏಳು ಮೆಟ್ಟಿಲನ್ನು ಯಾರಾದರೂ ಕುಪ್ಪಳಿಸಿಕೊಂಡು ಹತ್ತುತ್ತಾರಾ? ಕೊನೆಯಲ್ಲಿ ‘ಸರ್ಚ್’ ಅನ್ನುವುದಕ್ಕೆ ‘ಬರ್ಚ್’. ಆ ಮೂರು ಹೆಸರುಗಳ ಕೆಳಗಿನ ಸಾಲಿನಲ್ಲಿ ವಾಕ್ ಸ್ವಾತಂತ್ರ್ಯ, ದ್ವಿಪದಿ, ಬರ್ಚ್ ಎಂಬ ಮೂರು ಮಾತುಗಳಿವೆ, ಒಬ್ಬೊಬ್ಬರಿಗೆ ಒಂದೊಂದರಂತೆ. ಸಾಕ್ರಟೀಸ್‌ಗೆ ವಾಕ್ ಸ್ವಾತಂತ್ರ್ಯ ಒಪ್ಪುತ್ತದೆ, ಕವಿ ಪಿಂಡಾರ್‌ಗೆ ದ್ವಿಪದಿಯೂ ಪರವಾಗಿಲ್ಲ, ಆದರೆ ಅಪೆಲ್ಲಿಸ್ ಎಂಬ ಚಿತ್ರಕಾರನಿಗೆ ಬರ್ಚ್ ಮರ ಯಾಕೆ? ಪ್ರಾಸಕ್ಕೆ ಬೇಕಿತ್ತು, ಬಂತು. ಹಾಡು ಕಟ್ಟಿ ಪಳಗಿದ ಕೆಲ್ಲಿ ಇಂಥ ಸಾಲನ್ನು ಕೈಯಿಂದ ಬಿಡುತ್ತಿದ್ದರು ಅಂತ ನನಗೆ ಅನ್ನಿಸುವುದಿಲ್ಲ. ಗೋಡೆಯ ಮುಂದೆ ನಿಂತು, ಕಲ್ಲು ಎಣಿಸಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಆಮೇಲೆ ಹೇಗೋ ಪದ್ಯದ ಆಕಾರಕ್ಕೆ ತಂದವರ ಬರವಣಿಗೆ ಇದು.

ಬಾಸ್ಟನ್ ಪದ್ಯ ಇನ್ನೂ ಒಣ. ಮೊದಲಲ್ಲೇ ಥುಸಿಡಿಡೀಸ್ ಮತ್ತು ಜೆನೊಫನ್ ಹೆಸರು ಬರುತ್ತದೆ. ಅಲ್ಲಿನ ಸಾರ್ವಜನಿಕ ಗ್ರಂಥಾಲಯದ ಗೋಡೆಯ ಮೇಲೆ ಅವು ಕೆತ್ತಿವೆ. ಹದಿನೆಂಟನೆಯ ದಿನ, ದೀಪದ ಬೆಳಕು ಅನ್ನುವುದು 1775ರ ಏಪ್ರಿಲ್ 18ರ ರಾತ್ರಿ, ಬ್ರಿಟಿಷ್ ಸೈನ್ಯ ಬರುತ್ತಿದೆ ಎಂದು ಎಚ್ಚರಿಸಲು ಪಾಲ್ ರೆವೆರ್ ಕುದುರೆ ಹತ್ತಿ ಹೊರಟ ಘಟನೆ. ‘ಮನೆಯಲ್ಲಿ ಇದ್ದಂತೆ ಇರು’ ಎಂಬ ಅರ್ಥದ ಒಂದು ಸಾಲಿದೆ. ಎಷ್ಟೋ ಜನ ಅದನ್ನು ಸುಮ್ನೆ ಆದರದ ಮಾತು ಅಂತ ದಾಟಿಕೊಂಡು ಹೋದರು. ಕಾಸ್ಕ್ ಸಿಕ್ಕಿದ್ದು ಲ್ಯಾಂಗೋನ್ ಪಾರ್ಕಿನ ಬೇಸ್‌ಬಾಲ್ ಅಂಕಣದಲ್ಲಿ, ಬ್ಯಾಟ್ ಹಿಡಿದವರು ನಿಲ್ಲುವ ‘ಹೋಮ್ ಪ್ಲೇಟ್’ ಇದ್ದ ಜಾಗದಲ್ಲಿ, ಉದ್ಯಾನದ ನವೀಕರಣಕ್ಕೆ ಅಗೆಯುತ್ತಿದ್ದಾಗ! ಅಲಂಕಾರ ಅಂತ ಕಂಡದ್ದೇ ವಿಳಾಸ ಆಗಿತ್ತು. ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ ಅನ್ನುತ್ತದೆ. ಗುಂಡಿ ಎಲ್ಲಿದೆ ಎಂದು ಗೊತ್ತಿಲ್ಲದೆ ಆ ಸಾಲು ಬರೆಯಲು ಸಾಧ್ಯವೇ ಇಲ್ಲ. ಜಾಗಗಳನ್ನು ಪ್ರೈಸ್ ಯಾರಿಗೂ ಹೇಳಲಿಲ್ಲ ಅನ್ನುವುದಾದರೆ, ಬರೆದವರು ಇನ್ನು ಯಾರಿರುತ್ತಾರೆ?

ನನ್ನ ವಾದಕ್ಕೆ ಅಡ್ಡ ಬರುವುದು ಷಿಕಾಗೋ ಪದ್ಯ. ಅದು ಚೆನ್ನಾಗಿದೆ. ಎಂ ಮತ್ತು ಬಿ ಕಲ್ಲಿನಲ್ಲಿವೆ ಅನ್ನುತ್ತದೆ. ಆರ್ಕೆಸ್ಟ್ರಾ ಹಾಲ್‌ನ ಮುಂಭಾಗದಲ್ಲಿ ಮೊಜಾರ್ಟ್, ಬೀಥೋವನ್ ಹೆಸರುಗಳಿವೆ. ಎಲ್ ಕೂತಿದ್ದಾನೆ ಅನ್ನುತ್ತದೆ. ಗ್ರಾಂಟ್ ಪಾರ್ಕಿನಲ್ಲಿ ಲಿಂಕನ್ ಕುರ್ಚಿಯಲ್ಲಿ ಕೂತ ಪ್ರತಿಮೆ ಇದೆ. ಹತ್ತು ಗುಣಿಸು ಹದಿಮೂರು ಅಂದರೆ ಮರಗಳ ಸಾಲು. ಪ್ರಾಸ ಕೂಡ ಹಗುರವಾಗಿ ಕೂತಿದೆ, ಕೊನೆಯ ಕೆಲವು ಸಾಲು ಬಿಟ್ಟರೆ. ಇಲ್ಲಿ ಕೆಲ್ಲಿಯವರೋ ಮ್ಯಾನ್ ಅವರೋ ಒಂದು ಸಲ ಕೈಯಾಡಿಸಿರಬಹುದು ಅಂತ ನಾನೂ ಒಪ್ಪುತ್ತೇನೆ. ಕೈಯಾಡಿಸುವುದು ಬೇರೆ, ಬರೆಯುವುದು ಬೇರೆ. ಅಲ್ವಾ?

ಪಲೆನ್‌ಕಾರ್ ಅವರಿಗೆ ಎಲ್ಲ ಗೊತ್ತಿತ್ತು ಅನ್ನುವವರೂ ಇದ್ದಾರೆ. ಅದು ನಿಲ್ಲುವ ಮಾತಲ್ಲ. ಪ್ರೈಸ್ ಕೊಟ್ಟ ಫೋಟೋಗಳನ್ನು ಇಟ್ಟುಕೊಂಡು, ಅದರಲ್ಲಿನ ಆಕಾರಗಳನ್ನು ಚಿತ್ರದಲ್ಲಿ ಅಡಗಿಸಿದವರು ಅವರು. ಗುಂಡಿಯ ತನಕ ಹೋದವರಲ್ಲ.

ನಾನಿರುವುದು ಹೂಸ್ಟನ್‌ನಲ್ಲಿ. ಇಲ್ಲಿನದು ಎಂದು ಹೆಚ್ಚಿನವರು ಒಪ್ಪಿಕೊಂಡಿರುವ ಪದ್ಯದಲ್ಲಿ 982 ಎಂಬ ಸಂಖ್ಯೆ ಬರುತ್ತದೆ. ಸದರ್ನ್ ಪೆಸಿಫಿಕ್ ಕಂಪನಿಯ ಆ ನಂಬರಿನ ಉಗಿಬಂಡಿ ಎಂಜಿನ್ನು ಹರ್ಮನ್ ಪಾರ್ಕಿನಲ್ಲಿ ದಶಕಗಟ್ಟಲೆ ನಿಂತಿತ್ತು. 2005ರಲ್ಲಿ ಅದನ್ನು ಎತ್ತಿ ಊರ ನಡುವಿನ ಬೇಸ್‌ಬಾಲ್ ಕ್ರೀಡಾಂಗಣದ ಹತ್ತಿರ ಇಟ್ಟರು. ಪುಸ್ತಕ ಹಿಡಿದುಕೊಂಡು ಪಾರ್ಕಿಗೆ ಹೋದರೆ ಪದ್ಯದ ಮುಖ್ಯ ಗುರುತೇ ಇಲ್ಲ. ಉಳಿದದ್ದು ಇದೆ. ಸಿಂಹಕ್ಕೆ ಭಯವಿಲ್ಲದ ಕಾಡು ಅಂದರೆ ಮೃಗಾಲಯ ಇರಬೇಕು, ಪಕ್ಕದಲ್ಲೇ ಇದೆ. ಸೀಟಿ ಅಂದರೆ ಮಕ್ಕಳ ಪುಟಾಣಿ ರೈಲು, ಈಗಲೂ ಕೂಗುತ್ತದೆ. ಒಂದೇ ಥರದ ನಾಲ್ಕರ ನಡುವೆ ಅಂತ ಒಂದು ಸಾಲಿದೆ. ಮಗಳಿಗೆ ಅದನ್ನು ಓದಿ ಹೇಳಿದರೆ ಸಾಕು, “ಅಪ್ಪಾ, ಆ ನಾಲ್ಕು ಮರ ನೋಡು, ಈ ನಾಲ್ಕು ಕಂಬ ನೋಡು” ಅಂತ ಪಾರ್ಕೆಲ್ಲ ಓಡಾಡಿಸುತ್ತಾಳೆ.

ಇಲ್ಲಿ ನಿಂತಾಗ ಬರೆದವರು ಯಾರು ಅನ್ನುವುದು ಕಾಲಿಗೆ ಸಂಬಂಧಿಸಿದ ಪ್ರಶ್ನೆ ಆಗಿಬಿಡುತ್ತದೆ. ಬರೆದವರು ಪ್ರೈಸ್ ಆದರೆ, ಎಂಜಿನ್ ಹಿಂದೆ ಎಲ್ಲಿ ನಿಂತಿತ್ತು ಎಂದು ಹಳೆಯ ಫೋಟೋಗಳಲ್ಲಿ ನೋಡಿ, ಅಲ್ಲಿಂದ ಅವರು ನಡೆದ ದಾರಿಯಲ್ಲೇ ಸಾಲು ಸಾಲಾಗಿ ನಡೆಯಬೇಕು. ನಾನು ಈಗ ಪದ್ಯಗಳನ್ನು ಓದುವುದೇ ಹೀಗೆ. ಪ್ರಾಸದ ಸ್ಥಾನದಲ್ಲಿರುವ ಪದಗಳ ಮೇಲೆ ಪೆನ್ಸಿಲಿನಿಂದ ಮೆಲ್ಲಗೆ ಗೆರೆ ಎಳೆದಿದ್ದೇನೆ. ಅವನ್ನು ಅರ್ಧ ನಂಬುತ್ತೇನೆ. ಸಾಲಿನ ನಡುವೆ ಇರುವ ಸಂಖ್ಯೆ, ದಿಕ್ಕು, ಹೆಸರು, ಇವನ್ನು ಪೂರ್ತಿ ನಂಬುತ್ತೇನೆ. ಸಿಕ್ಕ ಮೂರು ಪದ್ಯಗಳನ್ನು ಹೀಗೆ ಓದಿ ನೋಡಿ, ಬಹಳ ಮಟ್ಟಿಗೆ ಹೊಂದುತ್ತದೆ.

ಇನ್ನು ಪುಸ್ತಕದ ವಿಚಾರ. ನನ್ನ ಹತ್ತಿರ ಇರುವುದು ಮರುಮುದ್ರಣ. ಚಿತ್ರಗಳು ಕಪ್ಪಾಗಿ ಬಂದಿವೆ. ಅಕ್ಷಾಂಶ ರೇಖಾಂಶದ ಅಂಕಿಗಳನ್ನು ಕಲ್ಲಿನ ಬಿರುಕಿನಲ್ಲಿ, ಬಟ್ಟೆಯ ಮಡಿಕೆಯಲ್ಲಿ ಅಡಗಿಸಿಟ್ಟ ಪುಸ್ತಕ ಇದು. ಅಂಥದ್ದರಲ್ಲಿ ನೆರಳಿನ ಭಾಗ ಮಸಿ ಬಳಿದಂತಿದ್ದರೆ ಹೇಗೆ? ಭೂತಗನ್ನಡಿ ಹಿಡಿದರೂ ಮುದ್ರಣದ ಚುಕ್ಕೆ ಬಿಟ್ಟರೆ ಏನೂ ಕಾಣಿಸುವುದಿಲ್ಲ. ಬೈಂಡಿಂಗ್ ಕೂಡ ಅಷ್ಟಕ್ಕಷ್ಟೇ. ಜಾಸ್ತಿ ತೆರೆದಿಟ್ಟ ಪುಟಗಳು ಬಿಟ್ಟುಕೊಂಡು ಬಂದವು, ಅಂಟು ಹಾಕಿಸಿದ್ದೇನೆ. 1982ರ ಹಳೆಯ ಪ್ರತಿ ಸಿಕ್ಕರೆ ಎರಡನೆಯ ಯೋಚನೆ ಮಾಡಬೇಡಿ, ಬೆಲೆ ಜಾಸ್ತಿಯಾದರೂ ತೆಗೆದುಕೊಳ್ಳಿ. ಜಪಾನಿ ಭಾಷೆಯಲ್ಲೂ ಒಂದು ಆವೃತ್ತಿ ಬಂದಿತ್ತು. ಅದರಲ್ಲಿ ಇಂಗ್ಲಿಷ್ ಪುಸ್ತಕದಲ್ಲಿ ಇಲ್ಲದ ಸುಳಿವುಗಳೂ ಇವೆ ಎಂದು ಹುಡುಕುವವರು ಅದರ ಬೆನ್ನು ಬಿದ್ದಿದ್ದಾರೆ.

ಭಾರತದಲ್ಲಿ ಇದ್ದುಕೊಂಡು ಕೊಳ್ಳಬಹುದಾ ಅಂತ ತಮ್ಮ ಕೇಳಿದ್ದ. ಖಂಡಿತ ಕೊಳ್ಳಬಹುದು. ಕೂತಲ್ಲೇ ಬಿಡಿಸುವ ಭಾಗವೇ ಮುಕ್ಕಾಲು ಪಾಲು. ಬೀದಿಗಳ ಚಿತ್ರ ತೋರಿಸುವ ನಕ್ಷೆಗಳು ಈಗ ಫೋನಿನಲ್ಲೇ ಇವೆ. ಇಲ್ಲಿಗೆ ಬಂದಾಗ ಮಾತ್ರ ನೆನಪಿಡಿ: ಸಾರ್ವಜನಿಕ ಉದ್ಯಾನಗಳಲ್ಲಿ ಅನುಮತಿ ಇಲ್ಲದೆ ಅಗೆಯುವ ಹಾಗಿಲ್ಲ. ಹೂವಿನ ಪಾತಿ ಹಾಳು ಮಾಡಿ ಹೋಗುವವರಿಂದ ಉಳಿದವರಿಗೂ ಬಾಗಿಲು ಮುಚ್ಚುತ್ತದೆ.

ಒಬ್ಬರೇ ಬರೆದು ಒಬ್ಬರೇ ಚಿತ್ರ ಬಿಡಿಸಿದ ಪುಸ್ತಕ ಬೇಕು ಅನ್ನುವವರಿಗೆ ಕಿಟ್ ವಿಲಿಯಮ್ಸ್ ಅವರ 1979ರ ‘ಮಾಸ್ಕ್ವೆರೇಡ್’ ಇದೆ. ಇಂಗ್ಲೆಂಡಿನ ಆಂಪ್ಟ್‌ಹಿಲ್‌ನಲ್ಲಿ ಚಿನ್ನದ ಮೊಲ ಹೂತಿಟ್ಟ ಆ ಪುಸ್ತಕವೇ ಈ ಥರದ್ದಕ್ಕೆಲ್ಲ ದಾರಿ ಹಾಕಿದ್ದು. ಅದರಲ್ಲಿ ಯಾರು ಬರೆದರು ಎಂಬ ಅನುಮಾನವೇ ಇಲ್ಲ. ಫ್ರಾನ್ಸಿನಲ್ಲಿ 1993ರಲ್ಲಿ ಬಂದ ಚಿನ್ನದ ಗೂಬೆಯ ಪುಸ್ತಕದ್ದು ಇನ್ನೊಂದು ಥರ. ಒಗಟು ಕಟ್ಟಿದವರು ಮ್ಯಾಕ್ಸ್ ವ್ಯಾಲೆಂಟಿನ್ ಎಂಬ ಹೆಸರಿನ ಹಿಂದೆ ಇದ್ದರು, ನಿಜ ಹೆಸರು ರೆಜಿಸ್ ಹೌಸರ್. ಅವರು 2009ರಲ್ಲಿ ತೀರಿಕೊಂಡರು, ಗೂಬೆ ಸಿಕ್ಕಿದ್ದು 2024ರ ಅಕ್ಟೋಬರಿನಲ್ಲಿ. ಅವರು ಉತ್ತರವನ್ನು ಬರೆದಿಟ್ಟು ಹೋಗಿದ್ದರು. ಪ್ರೈಸ್ ಅದನ್ನೂ ಮಾಡಲಿಲ್ಲ. ಹಾಗಾಗಿ ಇಲ್ಲಿ ನಮಗೆ ಸಾಕ್ಷಿ ಅಂತ ಇರುವುದು ಪದ್ಯಗಳು ಮಾತ್ರ. ಕೊಂಡವರು ಮೊದಲು ಕ್ಲೀವ್‌ಲ್ಯಾಂಡ್ ಪದ್ಯ ಓದಿ, ಆಮೇಲೆ ಕೆಲ್ಲಿ ಮತ್ತು ಮ್ಯಾನ್ ಅವರ ಗದ್ಯ ಓದಿ. ಎರಡೂ ಒಂದೇ ಕೈ ಅಂತ ಅನ್ನಿಸಿದರೆ ಯಾಕೆ ಅಂತ ಕೆಳಗೆ ಬರೆಯಿರಿ, ಕೇಳಲು ನಿಜವಾಗಲೂ ಆಸೆ ಇದೆ.