ಹೆಗಲಿಗೆ ಹಾಕಿಕೊಂಡು ಓಡಾಡುವ ಸ್ಟೂಲು: ಎಂಟು ತಿಂಗಳ ನಂತರ

ಚಿಕ್ಕಪೇಟೆಯಲ್ಲಿ 850 ರೂಪಾಯಿ ಕೊಟ್ಟು ತಂದ ಪ್ಲಾಸ್ಟಿಕ್ ಸ್ಟೂಲು ಇದು. ಮಡಚಿದರೆ ದಪ್ಪ ತಟ್ಟೆಯಷ್ಟೇ. ಎಳೆದು ತಿರುಗಿಸಿದರೆ ಮೊಣಕಾಲೆತ್ತರ ಬರುತ್ತದೆ. ಡಬ್ಬದ ಮೇಲೆ ಗಾಳ ಹಾಕಿ ಕೂತವನ ಚಿತ್ರ ಇದೆ. ನಾನು ಗಾಂಧಿ ಬಜಾರಿಗೆ ಸೊಪ್ಪು ತರಲು ಹೋಗುವವಳು.

ನನಗೆ ಫೈಬ್ರೊಮಯಾಲ್ಜಿಯ, ಅಂದರೆ ಮೈಯೆಲ್ಲ ನೋಯುವ, ಸುಸ್ತು ಬಿಡದ ಕಾಯಿಲೆ. ಮೂರು ವರ್ಷ ಅದಕ್ಕೆ ಹೆಸರೇ ಇರಲಿಲ್ಲ. ಥೈರಾಯ್ಡ್, ಬಿ12, ಇಎಸ್‌ಆರ್, ಎಲ್ಲ ನಾರ್ಮಲ್. ‘ರಿಪೋರ್ಟ್ ಚೆನ್ನಾಗಿದೆ, ಖುಷಿಪಡಿ’ ಅಂದಿದ್ದರು ಒಬ್ಬ ಡಾಕ್ಟರು. ಈ ಕಾಯಿಲೆ ರಕ್ತ ಪರೀಕ್ಷೆಯಲ್ಲಿ ಸಿಗುವುದೇ ಇಲ್ಲ ಅಂತ ಆಮೇಲೆ ಗೊತ್ತಾಯಿತು. 1990ರ ಲೆಕ್ಕದಲ್ಲಿ ಮೈಯ 18 ಜಾಗ ಒತ್ತಿ ನೋಡಿ, 11 ಕಡೆ ನೋವಿದ್ದರೆ ಈ ಹೆಸರು ಇಡುತ್ತಿದ್ದರಂತೆ. ಈಗ ನೋವು ಎಲ್ಲೆಲ್ಲಿ, ನಿದ್ದೆ ಹೇಗೆ, ಸುಸ್ತು ಎಷ್ಟು ಅಂತ ಕೇಳಿ ಅಂಕ ಕೂಡಿಸುತ್ತಾರೆ.

ನನಗೆ ನಡೆಯುವುದಕ್ಕಿಂತ ನಿಲ್ಲುವುದು ಕಷ್ಟ. ಔಷಧಿ ಅಂಗಡಿಯ ಕ್ಯೂನಲ್ಲಿ ಇಪ್ಪತ್ತು ನಿಮಿಷ ನಿಂತರೆ ಆವತ್ತು ಏನೂ ಆಗುವುದಿಲ್ಲ. ಲೆಕ್ಕ ತೀರಿಸುವುದು ನಾಳೆ, ನಾಡಿದ್ದು. ಹೊದಿಕೆ ಸರಿಸಲೂ ಕೈ ಏಳುವುದಿಲ್ಲ. ಅದಕ್ಕೇ ನೋವು ಶುರುವಾಗುವ ಮುಂಚೆ ಕೂರಬೇಕು. ನೋವು ಬಂದ ಮೇಲೆ ಕೂತರೆ ಪ್ರಯೋಜನ ಕಮ್ಮಿ. ಈ ಸ್ಟೂಲಿಗೆ ನಾನು ದುಡ್ಡು ಕೊಟ್ಟದ್ದೇ ಅದಕ್ಕೆ.

ದರ್ಶಿನಿಯಲ್ಲಿ ಮಾತ್ರ ಇದು ಪೂರ್ತಿ ಫೇಲು. ಅಲ್ಲಿನ ಟೇಬಲ್ಲು ನಿಂತು ತಿನ್ನುವವರದ್ದು. ಸ್ಟೂಲಿನ ಮೇಲೆ ಕೂತರೆ ಇಡ್ಲಿ ತಲೆಯ ಮೇಲಿರುತ್ತದೆ. ತಟ್ಟೆ ತೊಡೆ ಮೇಲಿಟ್ಟುಕೊಂಡು ಸಾಂಬಾರು ಚೆಲ್ಲಿಕೊಂಡೆ. ಅಡುಗೆಮನೆಗೂ ಎತ್ತರ ಸಾಲದು. ತರಕಾರಿ ಹೆಚ್ಚಬಹುದು, ದೋಸೆ ಹೊಯ್ಯಲು ಆಗದು.

ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ನೋಡಬೇಕಿತ್ತು! ಕಾರ್ತಿಕದ ಕೊನೆಯ ಸೋಮವಾರ, ಬುಲ್ ಟೆಂಪಲ್ ರಸ್ತೆ, ಆ ಜನ. ನಾಲ್ಕು ವರ್ಷದಿಂದ ಹೋಗಿರಲಿಲ್ಲ. ಐದು ನಿಮಿಷ ನಡೆದು, ಐದು ನಿಮಿಷ ಕೂತು, ಹಾಗೇ ಬಸವಣ್ಣನ ಗುಡಿಯ ತನಕ ಹೋದೆ. ಒಂದು ಕಡೆ ಕಡಲೆಕಾಯಿ ರಾಶಿಯ ಪಕ್ಕ ಕೂತಿದ್ದಾಗ ಒಬ್ಬರು ಬಗ್ಗಿ, ‘ಸೇರಿಗೆ ಎಷ್ಟಮ್ಮ?’ ಅಂದರು. ರೇಟು ಕೇಳಿಕೊಂಡು ಹೇಳಿದೆ. ಎರಡು ಸೇರು ತಗೊಂಡರು.

ತೊಂದರೆ ಎರಡು. ಪಟ್ಟಿ ತೆಳ್ಳಗಿದೆ, ಹೆಗಲು ಕೊರೆಯುತ್ತದೆ. ಹೆಗಲೇ ನೋಯುವವರಿಗೆ ಇದು ಸಣ್ಣ ವಿಷಯ ಅಲ್ಲ. ನಾನು ಹಳೇ ಟವೆಲ್ಲಿನ ತುಂಡು ಹೊಲಿದುಕೊಂಡಿದ್ದೇನೆ. ಇನ್ನೊಂದು, ಕಟಕ್ ಅನ್ನುವ ತನಕ ತಿರುಗಿಸದಿದ್ದರೆ ಕೂತ ಕೂಡಲೇ ಕುಸಿಯುತ್ತದೆ. ಒಂದು ಬ್ಯಾಂಕಿನಲ್ಲಿ ಹಾಗೆ ಬಿದ್ದೆ. ಬೆರಳು ಬಿಗಿಯಾದ ಬೆಳಿಗ್ಗೆಗಳಲ್ಲಿ ಆ ಕಟಕ್ ಬರಿಸುವುದೂ ಒಂದು ಕೆಲಸವೇ. ಅಂಗಡಿಯಲ್ಲೇ ನಾಲ್ಕು ಸಲ ತೆಗೆದು ಮಡಚಿ ನೋಡಿ, ಆಮೇಲೆ ದುಡ್ಡು ಕೊಡಿ. ಆನ್‌ಲೈನ್‌ನಲ್ಲಿ ಸುಮ್ನೆ ಬಣ್ಣ ನೋಡಿ ತರಿಸಬೇಡಿ.

ಜನ ನೋಡುತ್ತಾರೆ, ನಿಜ. ‘ನೋಡೋಕೆ ಚೆನ್ನಾಗೇ ಇದೀರಲ್ಲ’ ಅನ್ನುವವರೂ ಸಿಗುತ್ತಾರೆ. ಕೂತುಕೊಂಡೇ ಕೇಳಿಸಿಕೊಳ್ಳುತ್ತೇನೆ.

ಹೋದ ವಾರ ಇನ್ನೊಂದು ತಂದೆ. ನ್ಯಾಷನಲ್ ಕಾಲೇಜಿನಿಂದ ಮೆಟ್ರೋದಲ್ಲಿ ಎರಡೇ ಸ್ಟಾಪು, ಅದೇ ಅಂಗಡಿ. ಅದು ಬಚ್ಚಲಿಗೆ, ತಲೆಗೆ ನೀರು ಹಾಕಿಕೊಳ್ಳುವ ದಿನಕ್ಕೆ.