ಅರ್ಬನ್ ಡಿಕ್ಷನರಿ: ಅರ್ಥ ಬಿಡಿ, ಉದಾಹರಣೆ ಓದಿ

ಇಂಗ್ಲಿಷ್ ಧಾರಾವಾಹಿಗಳಿಗೆ ಕನ್ನಡ ಸಬ್‌ಟೈಟಲ್ ಬರೆಯುವುದು ನನ್ನ ಕೆಲಸ. ಕಾಲೇಜು ಹುಡುಗರ ಪಾತ್ರ ಬಾಯಿ ತೆರೆದರೆ ಸಾಕು, ಮಾಮೂಲಿ ನಿಘಂಟು ಕೈಕೊಡುತ್ತದೆ. ಆಗ ನೋಡುವುದು ಅರ್ಬನ್ ಡಿಕ್ಷನರಿ, ಬೀದಿಮಾತಿನ (ಸ್ಲ್ಯಾಂಗ್) ಪದಗಳಿಗೆ ಅರ್ಥ ಹೇಳುವ ವೆಬ್‌ತಾಣ. 1999ರಲ್ಲಿ ಕ್ಯಾಲಿಫೋರ್ನಿಯಾದ ಆರನ್ ಪೆಕ್‌ಹ್ಯಾಮ್ ಎಂಬ ವಿದ್ಯಾರ್ಥಿ ನಿಘಂಟುಗಳನ್ನು ಗೇಲಿ ಮಾಡಲೆಂದೇ ಶುರು ಮಾಡಿದ ತಾಣ ಇದು. ಓದೋಕೆ ದುಡ್ಡು ಕೊಡಬೇಕಿಲ್ಲ, ಜಾಹೀರಾತು ಸಹಿಸಿಕೊಂಡರಾಯಿತು.

ಇಲ್ಲಿ ಯಾರು ಬೇಕಾದರೂ ಅರ್ಥ ಬರೆಯಬಹುದು. ಓದಿದವರು ಹೆಬ್ಬೆರಳು ಮೇಲೋ ಕೆಳಗೋ ಒತ್ತಿ ವೋಟು ಹಾಕುತ್ತಾರೆ. "ನೋ ಕ್ಯಾಪ್" ಹುಡುಕಿ ನೋಡಿ. ಅಮೆರಿಕದ ಕಪ್ಪು ಜನರ ಆಡುಮಾತಿನಿಂದ ಎಲ್ಲೆಡೆ ಹಬ್ಬಿದ್ದು. ಸುಳ್ಳಲ್ಲ, ನಿಜವಾಗಲೂ ಅಂತ ಅರ್ಥ. ಇಷ್ಟು ಎಲ್ಲಿ ಬೇಕಾದರೂ ಸಿಗುತ್ತದೆ ಬಿಡಿ. ಆದರೆ ಇಲ್ಲಿ ಅರ್ಥದ ಕೆಳಗೆ ಓರೆ ಅಕ್ಷರದಲ್ಲಿ ಒಂದು ಪುಟ್ಟ ಮಾತುಕತೆ ಇರುತ್ತದೆ. ನನಗೆ ಬೇಕಾದದ್ದು ಅದೇ. ಯಾರು ಯಾರಿಗೆ ಹೇಳಿದರು, ರೇಗಿಸುತ್ತಾ ಹೇಳಿದರಾ, ಸಿಟ್ಟಿನಲ್ಲಾ? "ದೇವರಾಣೆ" ಅಂತ ಬರೆಯಬೇಕೋ, "ಸುಳ್ಳು ಹೇಳ್ತಿಲ್ಲ ಕಣೋ" ಸಾಕೋ ಅಂತ ಅದನ್ನು ಓದಿಯೇ ತೀರ್ಮಾನಿಸುತ್ತೇನೆ.

ಇನ್ನು ಕಸವೂ ಬೇಕಾದಷ್ಟಿದೆ. ಪೋಲಿ ಮಾತು ಜಾಸ್ತಿ, ಚಿಕ್ಕ ಮಕ್ಕಳ ಕೈಗೆ ಕೊಡುವಂಥದ್ದಲ್ಲ. ಗೆಳತಿಯ ಹೆಸರನ್ನೇ ಪದ ಮಾಡಿ ಹೊಗಳಿದವರಿದ್ದಾರೆ. ಯಾರೂ ಆಡದ ಪದವನ್ನು ಸುಮ್ನೆ ಹುಟ್ಟಿಸಿದವರೂ ಇದ್ದಾರೆ. ತಾರೀಖು ನೋಡದೆ ಮಾತ್ರ ನಂಬಬೇಡಿ. ವರ್ಷಗಟ್ಟಲೆ ವೋಟು ಕೂಡಿಹಾಕಿಕೊಂಡ ಹಳೇ ಅರ್ಥವೇ ಮೇಲೆ ಕೂತಿರಬಹುದು.

ಪದ ಎಲ್ಲಿಂದ ಬಂತು ಅಂತ ತಿಳಿಯಬೇಕಾದರೆ ಇದು ಸಾಲದು. ಅದಕ್ಕೆ ಜೊನಾಥನ್ ಗ್ರೀನ್ ಅವರ ಸ್ಲ್ಯಾಂಗ್ ನಿಘಂಟಿದೆ. 2010ರಲ್ಲಿ ಮೂರು ದಪ್ಪ ಸಂಪುಟಗಳಾಗಿ ಬಂದದ್ದು, ಈಗ ಆನ್‌ಲೈನ್‌ನಲ್ಲಿ ಪುಕ್ಕಟೆ. ಯಾವ ಇಸವಿಯಲ್ಲಿ ಯಾರು ಬಳಸಿದರು ಅಂತ ಸಾಲುಸಾಲು ಉಲ್ಲೇಖ ಕೊಡುತ್ತಾರೆ. ಓದುತ್ತಾ ಕೂತರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಆದರೆ ನಿನ್ನೆ ಮೊನ್ನೆ ಹುಟ್ಟಿದ ಪದಕ್ಕೆ ಅಷ್ಟು ದಾಖಲೆ ಎಲ್ಲಿಂದ ಬರಬೇಕು? ಆಕ್ಸ್‌ಫರ್ಡ್ ನಿಘಂಟಿನವರು "ರಿಜ್" (ಎದುರಿನವರನ್ನು ಮರುಳು ಮಾಡುವ ಮೋಡಿ) ಅನ್ನು ವರ್ಷದ ಪದ ಅಂತ ಆರಿಸಿದ್ದು 2023ರ ಕೊನೆಗೆ. ಹುಡುಗರು ಅಷ್ಟರಲ್ಲಿ ಅದನ್ನು ಆಡಿ ಆಡಿ ಸವೆಸಿದ್ದರು. ಅಂಥ ಪದಗಳಿಗೆ ಮತ್ತೆ ಅರ್ಬನ್ ಡಿಕ್ಷನರಿಯೇ ಗತಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಕಸಕ್ಕೆ ಒಂದು ಕಳೆದೆ. ಉಳಿದ ಅರ್ಧ ಕಳೆದದ್ದು ಕಾಫಿ ಮಗ್‌ಗೆ. ಜನ ಬಿಟ್ಟಿಯಾಗಿ ಬರೆದುಕೊಟ್ಟ ಅರ್ಥವನ್ನೇ ಮಗ್ ಮೇಲೆ ಅಚ್ಚು ಹಾಕಿ ಮಾರುತ್ತಾರೆ, ಜಾಣರು ಅಲ್ವಾ!