ಶಿವಾಜಿನಗರದ ಗುಜರಿಯಲ್ಲಿ ಹಳೇ ಫಿಯಟ್‌ನ ಒಳಗಿನ ಸಾಮಾನು

ಹಳೇ ಫಿಯಟ್‌ನ ಒಳಗಿನ ಒರಿಜಿನಲ್ ಸಾಮಾನು ಬೇಕಿದ್ದರೆ ಮೊದಲು ಬೆಂಗಳೂರಿನ ಶಿವಾಜಿನಗರದ ಗುಜರಿಗೆ ಹೋಗಿ, ಆಮೇಲೆ ಗಾಡಿ ಸಾಮಾನಿನ ಅಂಗಡಿಗಳಿರೋ ಜೆ.ಸಿ. ರಸ್ತೆಗೆ. ನಾನು ಮೊದಲು ಆನ್‌ಲೈನ್‌ನಲ್ಲಿ ತರಿಸಿ, ಆಮೇಲೆ ಜೆ.ಸಿ. ರಸ್ತೆ ಸುತ್ತಿ, ಕೊನೆಗೆ ಇಲ್ಲಿಗೆ ಬಂದೆ. ಆರು ತಿಂಗಳು ಹೋಯಿತು.

ಗಾಡಿ ನಮ್ಮ ತಾತಂದು. 1968ರ ಫಿಯಟ್ 1100 ಡಿಲೈಟ್. ಎಂಜಿನ್ ಕೆಲಸ ಮುಗಿದು ಎರಡು ವರ್ಷ ಆಯ್ತು, ಅದಕ್ಕೆ ಅಷ್ಟೇನೂ ಒದ್ದಾಡಲಿಲ್ಲ. ಆ 1089 ಸಿಸಿ ಎಂಜಿನ್ ಬಿಚ್ಚಿ ಜೋಡಿಸೋ ಹಳೇ ಮೆಕ್ಯಾನಿಕ್‌ಗಳು ಇನ್ನೂ ಸಿಗುತ್ತಾರೆ. ಕಷ್ಟ ಇದ್ದದ್ದು ಒಳಗೆ. ಗ್ಲಾಸ್ ಇಳಿಸೋ ಹ್ಯಾಂಡಲ್ ಎರಡು ಇರಲಿಲ್ಲ, ಬಾಗಿಲ ಒಳಬದಿ ಮುಚ್ಚೋ ಡೋರ್ ಪ್ಯಾಡ್‌ನ ಹಾರ್ಡ್‌ಬೋರ್ಡ್ ನೀರು ಕುಡಿದು ಉಬ್ಬಿತ್ತು, ಟಾಪ್ ಲೈನಿಂಗ್ ತಲೆಗೆ ತಾಗುತ್ತಿತ್ತು, ಸ್ಟಿಯರಿಂಗ್ ನಡುವೆ ಯಾರೋ ಬೇರೆ ಗಾಡಿಯ ಹಾರ್ನ್ ಬಟನ್ ಕೂರಿಸಿದ್ದರು.

ಈ ಗಾಡಿಯಲ್ಲಿ ಒಂದು ಗೊಂದಲ ಇದೆ. ಡಿಲೈಟ್ ನಮ್ಮಲ್ಲಿ ಬಂದಿದ್ದು 1964ರಲ್ಲಿ. 1972ಕ್ಕೆ ಫಿಯಟ್ ಹೆಸರು ಹೋಗಿ ಪ್ರೀಮಿಯರ್ ಪ್ರೆಸಿಡೆಂಟ್ ಆಯ್ತು, 1974ಕ್ಕೆ ಪದ್ಮಿನಿ ಆಯ್ತು. ಪದ್ಮಿನಿ ಹೆಚ್ಚುಕಮ್ಮಿ 2000ದ ತನಕ ಕುರ್ಲಾ ಫ್ಯಾಕ್ಟರಿಯಿಂದ ಬರ್ತಾನೇ ಇತ್ತು. ಆಕಾರ ಹೆಚ್ಚೇನೂ ಬದಲಾಗದ ಕಾರಣ ಪದ್ಮಿನಿಯ ಎಷ್ಟೋ ಸಾಮಾನು ಡಿಲೈಟ್‌ಗೆ ಕೂರುತ್ತದೆ. ಅದಕ್ಕೇ ಯಾವ ಅಂಗಡಿಯಲ್ಲಿ ಕೇಳಿದರೂ 'ಕೂರುತ್ತೆ ಸಾರ್, ತಗೊಳ್ಳಿ' ಅಂತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಕೂರೋದು ಬೇರೆ, ಆ ಗಾಡಿದೇ ಆಗಿರೋದು ಬೇರೆ, ಅಲ್ವಾ?

ಆನ್‌ಲೈನ್‌ನಲ್ಲಿ ಒಬ್ಬರಿಂದ ತರಿಸಿದ ಗ್ಲಾಸ್ ಹ್ಯಾಂಡಲ್ ಫೋಟೋದಲ್ಲಿ ತುಂಬಾ ಚೆನ್ನಾಗಿತ್ತು, 'ಒರಿಜಿನಲ್' ಅಂತಲೇ ಬರೆದಿದ್ದರು. ಒಂದು ತಿಂಗಳಲ್ಲಿ ಒಳಗಿನ ಹಲ್ಲು ಸವೆದು, ಹ್ಯಾಂಡಲ್ ಸುಮ್ನೆ ತಿರುಗುತ್ತಿತ್ತು, ಗ್ಲಾಸ್ ಇದ್ದಲ್ಲೇ ಇರುತ್ತಿತ್ತು.

ಗುಜರಿಯಲ್ಲಿ ನಾನು ಹೋದ ಅಂಗಡಿ ಎಷ್ಟು ಚಿಕ್ಕದು ಅಂದರೆ ಇಬ್ಬರು ಒಟ್ಟಿಗೆ ನಿಲ್ಲೋಕಾಗಲ್ಲ. ಬೋರ್ಡಿಲ್ಲ. ಮೇಲೆ ತಂತಿಗೆ ಸ್ಟಿಯರಿಂಗ್ ಚಕ್ರಗಳು, ಕೆಳಗೆ ಎಣ್ಣೆ ಡಬ್ಬದಲ್ಲಿ ಹ್ಯಾಂಡಲ್‌ಗಳು. ಅಂಗಡಿಯ ಹಿರಿಯರು ನನ್ನ ಡೂಪ್ಲಿಕೇಟ್ ಹ್ಯಾಂಡಲನ್ನು ಅಂಗೈ ಮೇಲೆ ಒಂದು ಸಲ ಎಗರಿಸಿ ನೋಡಿ ವಾಪಸ್ ಕೊಟ್ಟರು. ಆಮೇಲೆ ಡಬ್ಬಕ್ಕೆ ಕೈ ಹಾಕಿ ಇನ್ನೊಂದು ತೆಗೆದು ನನ್ನ ಕೈಗಿಟ್ಟರು. ಕೈ ಸ್ವಲ್ಪ ಕೆಳಗೆ ಹೋಯಿತು, ಅಷ್ಟು ತೂಕ. 'ಮುಂದೆ ನೋಡ್ಬೇಡಿ ಸಾರ್, ತಿರುಗಿಸಿ ಹಿಂದೆ ನೋಡಿ' ಅಂದರು.

ಹಿಂದೆ ನೋಡಿದರೆ ಎಲ್ಲ ಗೊತ್ತಾಗುತ್ತದೆ. ಹಳೇ ಹ್ಯಾಂಡಲ್ ಸತುವಿನ ಎರಕ. ಡೂಪ್ಲಿಕೇಟ್ ಅಲ್ಯೂಮಿನಿಯಂ, ಇಲ್ಲಾ ಕ್ರೋಮ್ ಬಣ್ಣ ಹಾಕಿದ ಪ್ಲಾಸ್ಟಿಕ್. ಸತು ಅಲ್ಯೂಮಿನಿಯಂಗಿಂತ ಸುಮಾರು ಎರಡೂವರೆ ಪಟ್ಟು ಭಾರ, ಹಾಗಾಗಿ ಕಣ್ಣಿಗಿಂತ ಮೊದಲು ಕೈಗೇ ತಿಳಿಯುತ್ತದೆ. ಅಯಸ್ಕಾಂತ ತಗೊಂಡು ಹೋಗಿ ಪ್ರಯೋಜನ ಇಲ್ಲ, ಎರಡಕ್ಕೂ ಅಂಟಲ್ಲ. ಹಳೆಯದರ ಒಳಗಿನ ಹಲ್ಲು ಚೂಪಾಗಿ, ಒಂದೇ ಅಳತೆಯಲ್ಲಿತ್ತು. ಕ್ರೋಮ್ ಮೇಲೆ ಸಾಸಿವೆ ಕಾಳಿನಷ್ಟು ಗುಳ್ಳೆಗಳಿದ್ದವು. ಅದನ್ನು ನೋಡಿ ಬಿಟ್ಟು ಬರಬೇಡಿ, ಹಳೇ ಸತುವಿಗೆ ಆ ಗುಳ್ಳೆ ಬಂದೇ ಬರುತ್ತದೆ. ಪಾಲಿಶ್ ಅಂಗಡಿಗೆ ಕೊಡುವಾಗ ಮಾತ್ರ ಇದು ಸತು, ಮೊದಲು ತಾಮ್ರದ ಕೋಟ್ ಹಾಕಿ ಅಂತ ಬಾಯಿಬಿಟ್ಟು ಹೇಳಿ. ಕಬ್ಬಿಣದ ಸಾಮಾನಿನ ಹಾಗೆ ಆ್ಯಸಿಡ್‌ನಲ್ಲಿ ಮುಳುಗಿಸಿಟ್ಟರೆ ಹ್ಯಾಂಡಲನ್ನೇ ತಿಂದುಹಾಕುತ್ತದೆ.

ಎರಡು ಹ್ಯಾಂಡಲ್‌ಗೆ 900 ರೂಪಾಯಿ ಕೊಟ್ಟೆ. ಡಿಲೈಟ್ ಅಂತ ಬಾಯಿಂದ ಬಂದ ಕೂಡಲೇ ರೇಟು ಏರುತ್ತದೆ, ಚೌಕಾಸಿ ಮಾಡಲೇಬೇಕು. ಹಾರ್ನ್ ಬಟನ್ ಎರಡು ತೋರಿಸಿದರು. ಒಂದರ ಮೇಲೆ ಫಿಯಟ್, ಇನ್ನೊಂದರ ಮೇಲೆ ಪ್ರೀಮಿಯರ್. ಪ್ರೀಮಿಯರ್ ಹೆಸರಿನದ್ದು ಹೊಳೆಯುತ್ತಿತ್ತು, ಬೆಲೆಯೂ ಕಮ್ಮಿ. ಆದರೆ ನಮ್ಮದು 1968ರ ಗಾಡಿ. ಮಂಕಾಗಿದ್ದ ಫಿಯಟ್ ಬಟನ್ನೇ ತಂದೆ.

ಜೆ.ಸಿ. ರಸ್ತೆ ಕೆಲಸಕ್ಕೆ ಬರುವುದು ರೆಕ್ಸಿನ್ ವಿಷಯದಲ್ಲಿ. ಅಲ್ಲಿಗೆ ಹೋಗೋ ಮೊದಲು ನಿಮ್ಮ ಗಾಡಿಯ ಸೀಟನ್ನು ಬಿಚ್ಚಿ ತಲೆಕೆಳಗು ಮಾಡಿ. ಮೇಲಿನ ಬಣ್ಣ ಬಿಸಿಲಿಗೆ ಹೋಗಿರುತ್ತದೆ, ಅದನ್ನು ನಂಬಬೇಡಿ. ನಮ್ಮ ಸೀಟು ಕಂದು ಅಂತಲೇ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಅಡಿಯಲ್ಲಿ ರೆಕ್ಸಿನ್ ಮಡಚಿ ಫ್ರೇಮಿಗೆ ಕ್ಲಿಪ್ ಹಾಕಿದ್ದ ಕಡೆ ಎರಡು ಬೆರಳಗಲ ಪಟ್ಟಿ ಬಿಸಿಲೇ ಕಾಣದೆ ಉಳಿದಿತ್ತು. ಧೂಳು ಒರೆಸಿದರೆ ಕೆಂಪು, ಹಣ್ಣಾದ ನೇರಳೆಯ ರಸದಂಥ ಗಾಢ ಕೆಂಪು. ಅಮ್ಮನಿಗೆ ತೋರಿಸಿದೆ. 'ಹೌದು ಕಣೋ, ಅಪ್ಪ ನನ್ನ ಸ್ಕೂಲಿಗೆ ಬಿಡೋವಾಗ ಹಿಂಗೇ ಇತ್ತು' ಅಂದರು, ಆ ಪಟ್ಟಿ ಹಿಡಿದುಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು. ಆ ಪಟ್ಟಿಯನ್ನು ಕತ್ತರಿಸಿಕೊಂಡು ಜೆ.ಸಿ. ರಸ್ತೆಯ ಐದಾರು ಅಂಗಡಿ ಹತ್ತಿದೆ. ಬಣ್ಣ ಎರಡು ಕಡೆ ಸಿಕ್ಕಿತು, ಮೇಲಿನ ಗೆರೆಯ ನಮೂನೆಯೂ ಸೇರಿ ಹೊಂದಿದ್ದು ಒಂದೇ ಕಡೆ. ಹಳೇ ಡೋರ್ ಪ್ಯಾಡನ್ನೂ ಎಸೆಯಬೇಡಿ, ಉಬ್ಬಿದ್ದರೂ ಸರಿ. ಹೊಸ ಹಾರ್ಡ್‌ಬೋರ್ಡ್‌ಗೆ ತೂತು ಎಲ್ಲೆಲ್ಲಿ ಅಂತ ಗೊತ್ತಾಗೋದು ಅದರಿಂದಲೇ.

ಗುಜರಿಯ ತೊಂದರೆಗಳನ್ನೂ ಹೇಳಬೇಕು. ಬಿಲ್ ಕೊಡಲ್ಲ, ವಾಪಸ್ ತಗೊಳ್ಳಲ್ಲ, ಇವತ್ತು ಕಂಡದ್ದು ನಾಳೆ ಇರಲ್ಲ. ಗಾಡಿ ನಿಲ್ಲಿಸೋಕೆ ಜಾಗವೇ ಇಲ್ಲ, ಬಸ್ಸಿನಲ್ಲೇ ಹೋಗಿ. ನಿಮ್ಮ ಮುರಿದ ಸಾಮಾನನ್ನು ಜೊತೆಗೆ ತಗೊಂಡು ಹೋಗಿ, ಫೋನಿನ ಫೋಟೋ ಸಾಲದು. ಇಷ್ಟಿದ್ದರೂ ಈ ಗುಜರಿಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಫೋಟೋ ನೋಡಿ ದುಡ್ಡು ಕಳಿಸೋ ಬದಲು ಸಾಮಾನನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ ತಗೊಳ್ಳೋಕೆ ಇಲ್ಲಿ ಮಾತ್ರ ಆಯ್ತು.

ಡ್ಯಾಶ್‌ಬೋರ್ಡಿನ ಆ್ಯಶ್‌ಟ್ರೇ ಇನ್ನೂ ಸಿಕ್ಕಿಲ್ಲ. ತಾತ ಅದರಲ್ಲಿ ಬಸ್ಸಿನ ಚಿಲ್ಲರೆ ಇಡುತ್ತಿದ್ದರಂತೆ. ಬಂದರೆ ಎತ್ತಿಡ್ತೀನಿ ಅಂತ ಅಂಗಡಿಯ ಹಿರಿಯರು ಹೇಳಿದ್ದಾರೆ, ಮುಂದಿನ ಶನಿವಾರ ಮತ್ತೆ ಹೋಗುತ್ತೇನೆ.